ಸರ್ಕಾರಿ ಆರೋಗ್ಯವಂತ

ಆ ಕಟ್ಟಡದ ಕಾವಲುಗಾರನಿಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಅದು ಈಗ ಸಂಬಳದ ಚೀಟಿಗೆ ಮಾತ್ರ ಗೊತ್ತು. ಮಿಕ್ಕವರ ಬಾಯಲ್ಲಿ ಅವನು ಗುಂಡ್ಕಲ್ಲು. ವಯಸ್ಸು ಐವತ್ತು ದಾಟಿದ್ದರೂ ಒಂದು ದಿನ ಶೀತವೆಂದು ಮೂಗೊರೆಸಿದವನಲ್ಲ, ತಲೆನೋವೆಂದು ಹಣೆ ಹಿಡಿದವನಲ್ಲ. "ಆಸ್ಪತ್ರೆ ಯಾವ ದಿಕ್ಕಿಗಿದೆ ಅಂತಾನೇ ನಂಗೊತ್ತಿಲ್ಲ" ಎಂದು ಬಂದಬಂದವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆಸ್ಪತ್ರೆ ರಸ್ತೆಯ ಆಚೆ ಬದಿಗೇ ಇತ್ತು.

ಕಟ್ಟಡ ಹಿಂದೆ ಗೋದಾಮಾಗಿತ್ತು. ಸರ್ಕಾರ ಅದನ್ನು ಕೋಣೆಕೋಣೆಯಾಗಿ ಸೀಳಿ, ಆರೋಗ್ಯಕ್ಕೆ ಹೊಸ ಹೊಸ ಯಂತ್ರ ಕಂಡುಹಿಡಿಯುವ ಸಣ್ಣ ಕಂಪನಿಗಳಿಗೆ ಕೊಟ್ಟಿತ್ತು. ಕೋಣೆಯ ಜೊತೆಗೆ ಅನುದಾನ, ಅದೂ ಕಂತುಕಂತಾಗಿ. ಉಸಿರಿನಲ್ಲೇ ಎಲ್ಲ ರೋಗ ಹಿಡಿಯುತ್ತೇವೆ ಎನ್ನುವವರು, ನಾಲಿಗೆ ನೋಡಿ ಹೃದಯದ ಕಥೆ ಹೇಳುತ್ತೇವೆ ಎನ್ನುವವರು, ಕಣ್ಣಿನಲ್ಲೇ ಇಡೀ ದೇಹ ಓದಿಬಿಡುತ್ತೇವೆ ಎನ್ನುವವರು, ಎಲ್ಲರೂ ಅಲ್ಲೇ ಸೇರಿಕೊಂಡಿದ್ದರು. ಲಿಫ್ಟಿಗೆ ಮಾತ್ರ ಯಾರೂ ಅನುದಾನ ಕೊಟ್ಟಿರಲಿಲ್ಲ. ಅದು ಕೆಟ್ಟು ನಿಂತು ಎಷ್ಟೋ ಕಾಲವಾಗಿತ್ತು. ಪಾರ್ಸೆಲ್ ಬಂದರೆ ಗುಂಡ್ಕಲ್ಲೇ ಹೊತ್ತು ಮೆಟ್ಟಿಲು ಹತ್ತಬೇಕು.

ಕಂತು ಬಿಡುವ ಮುಂಚೆ ಒಂದು ಸಮಿತಿ ಬರುತ್ತಿತ್ತು. ಅದರ ಎದುರು ಯಂತ್ರವನ್ನು ಒಬ್ಬ ಆರೋಗ್ಯವಂತನಿಗೆ ಹಚ್ಚಿ ತೋರಿಸಬೇಕು. ಹಸಿರು ದೀಪ ಹತ್ತಿದರೆ ಯಂತ್ರ ಸರಿ, ಕಂತು ಸಲೀಸು. ಆದರೆ ಆರೋಗ್ಯವಂತನನ್ನು ತರುವುದು ಎಲ್ಲಿಂದ? ಜನರ ಆರೋಗ್ಯದ ಚಿಂತೆಯಲ್ಲಿ ಕುರ್ಚಿ ಬಿಟ್ಟು ಏಳದ ಆ ಕಂಪನಿಗಳವರಲ್ಲಿ ಒಬ್ಬನಿಗೆ ಬೆನ್ನುನೋವು, ಒಬ್ಬನಿಗೆ ಸಕ್ಕರೆ, ಮತ್ತೊಬ್ಬನಿಗೆ ಎದೆಯುರಿ. ಹಾಗಾಗಿ ಎಲ್ಲರ ಕಣ್ಣೂ ಗೇಟಿನ ಮೇಲೆ ಬಿತ್ತು. "ಅಣ್ಣಾ, ಒಂದೈದು ನಿಮಿಷ ಬಂದು ಕೂತ್ಕೊಳ್ಳಿ. ಸ್ವಲ್ಪ ನಗ್ತಾ ಇರಿ, ಅಷ್ಟೇ ಸಾಕು."

ಗುಂಡ್ಕಲ್ಲು ಕೂತ, ನಕ್ಕ, ದೀಪ ಹಸಿರಾಯಿತು, ಸಮಿತಿ ಚಪ್ಪಾಳೆ ತಟ್ಟಿತು. ಒಂದು ಕೋಣೆಯಾದ ಮೇಲೆ ಇನ್ನೊಂದು. ಈ ಕೆಲಸಕ್ಕೆಂದೇ ಅವನಿಗೊಂದು ಬಿಳಿ ಅಂಗಿ ಹೊಲಿಸಿಕೊಟ್ಟರು. ಸಮಿತಿಯ ಅಧ್ಯಕ್ಷರಂತೂ, "ಬಾರಯ್ಯಾ ಗುಂಡ್ಕಲ್ಲು, ನಿನ್ನ ನೋಡಿದ್ರೇ ಸಾಕು, ಯಂತ್ರ ಯಾಕೆ ಬೇಕು!" ಎಂದು ಬೆನ್ನು ತಟ್ಟುತ್ತಿದ್ದರು. ಕೆಳಗೆ ಟೀ ಅಂಗಡಿ ಇಟ್ಟಿದ್ದ ಹೆಂಡತಿ ಮಾತ್ರ, "ದಾರಿ ಬಿಡ್ರಪ್ಪೋ, ಸರ್ಕಾರಿ ಆರೋಗ್ಯವಂತರು ಬಂದ್ರು" ಎಂದು ಗಿರಾಕಿಗಳ ಮುಂದೆ ಕಾಲೆಳೆಯುತ್ತಿದ್ದಳು.

ಹೀಗೆ ನುಣ್ಣಗೆ ನಡೆಯುತ್ತಿದ್ದ ವ್ಯವಹಾರಕ್ಕೆ ಕಲ್ಲು ಹಾಕಿದವಳು ಮೇಲಿನ ಮಹಡಿಯ ಪಟ್ಟಿ ಮೇಡಂ. ಮಣಿಕಟ್ಟಿಗೆ ಕಟ್ಟುವ ಪಟ್ಟಿಯಲ್ಲೇ ಎದೆಬಡಿತದ ಏರುಪೇರು ಹಿಡಿಯುತ್ತೇನೆಂದು ಹಟ ಹಿಡಿದು ಕೂತ ಹೆಣ್ಣುಮಗಳು. ಸಮಿತಿಯ ಎದುರು ಪಟ್ಟಿ ಕಟ್ಟಿದಳು. ಗುಂಡ್ಕಲ್ಲು ಎಂದಿನಂತೆ ನಕ್ಕ. ಪಟ್ಟಿ ಕೆಂಪಗೆ ಮಿನುಗಿ ಕುಂಯ್ಯೋ ಎಂದು ಕೂಗಿಕೊಂಡಿತು. ಬಿಚ್ಚಿ ಮತ್ತೆ ಕಟ್ಟಿದಳು; ಮತ್ತೆ ಕುಂಯ್ಯೋ.

"ಏನಮ್ಮಾ ಇದು? ಗುಂಡ್ಕಲ್ಲಿಗೇ ಕಾಯಿಲೆ ಅನ್ನುತ್ತಲ್ಲ! ನನಗೆ ಕಟ್ಟಿದ್ರೆ ಹೆಣ ಅಂತ ಹೇಳುತ್ತೇನೋ!" ಎಂದರು ಅಧ್ಯಕ್ಷರು. ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಕಂತು ಅಲ್ಲಿಗೆ ನಿಂತಿತು.

ಅವರು ಹೋದ ಮೇಲೆ ಅವಳು ಗೇಟಿಗೆ ಇಳಿದುಬಂದಳು. "ಅಣ್ಣ, ಒಂದ್ಸಲ ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ. ನಿಮಗೆ ಏನೂ ಇಲ್ಲ ಅಂದ್ರೆ ನಾನು ಅಂಗಡಿ ಮುಚ್ತೀನಿ. ಏನಾದ್ರೂ ಇದೆ ಅಂದ್ರೆ... ಕಾಯಿಲೆ ಇರಲಿ ಅಂತ ಕೇಳ್ಕೊಳ್ಳೋಕೂ ಆಗಲ್ಲ ನನಗೆ. ಆದ್ರೂ ಹೋಗಿ."

ಮಾರನೆಯ ಬೆಳಿಗ್ಗೆ ಮಿಕ್ಕ ಕಂಪನಿಗಳವರೆಲ್ಲ ಗೇಟಿನ ಮುಂದೆ ಹಾಜರು. ಗುಂಡ್ಕಲ್ಲಿಗೆ ಕಾಯಿಲೆ ಎಂದು ರುಜುವಾದರೆ, ಅವನನ್ನು ಗಟ್ಟಿಮುಟ್ಟು ಎಂದ ತಮ್ಮ ಯಂತ್ರಗಳೆಲ್ಲ ಸುಳ್ಳಾಗುತ್ತವಲ್ಲ! "ನಿಮಗೇನಾಗಿದೆ ಅಣ್ಣಾ? ಸುಮ್ನೆ ಆಸ್ಪತ್ರೆಗೆ ಹೋದ್ರೆ ಇಲ್ಲದ ಕಾಯಿಲೆ ಅಂಟ್ಕೊಳ್ಳುತ್ತೆ" ಎಂದ ಕಣ್ಣುಯಂತ್ರದ ಯಜಮಾನ. ಆರೋಗ್ಯ ಸಂಶೋಧನೆಗೆಂದು ಸರ್ಕಾರದ ದುಡ್ಡು ಉಣ್ಣುವ ಬಾಯಲ್ಲಿ ಈ ಮಾತು! ನಾಚಿಕೆಗಾದರೂ ನಾಚಿಕೆಯಾಗಬೇಕು.

ಗುಂಡ್ಕಲ್ಲಿಗೂ ಬೇಕಾಗಿದ್ದದ್ದು ಇದೇ ಮಾತು. ಕೆಲವು ತಿಂಗಳಿಂದ ಪಾರ್ಸೆಲ್ ಹೊತ್ತು ಹತ್ತುವಾಗ ಎದೆ ಡವಡವ ಬಡಿದು ನಡುವೆ ತಾಳ ತಪ್ಪುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ಆಗೆಲ್ಲ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಅವನಿಗೆ ಭಯ, ಅಪ್ಪಟ ಭಯ. ರೋಗಿಷ್ಠನಾದವನನ್ನು ಗುಂಡ್ಕಲ್ಲು ಎಂದು ಯಾರು ಕರೆಯುತ್ತಾರೆ? "ಅಷ್ಟೂ ಯಂತ್ರ ಹಸಿರು ಅನ್ನುತ್ವೆ, ಇದೊಂದು ಕೆಂಪು ಅನ್ನುತ್ತೆ. ಹತ್ತು ಜನ ಹೇಳಿದ್ದೇ ಸರಿ ಅಲ್ವೇನೇ?" ಎಂದು ಹೆಂಡತಿಯ ಮುಂದೆ ವಾದ ಹೂಡಿದ.

ಅವಳು ಟೀ ಸೋಸುವುದನ್ನು ನಿಲ್ಲಿಸಿದಳು. "ಯಂತ್ರದ ಮಾತು ಹಾಗಿರಲಿ. ಆ ಚಪ್ಪಲಿ ಮೊನ್ನೆ ಮೊನ್ನೆ ತಗೊಂಡಿದ್ದು. ದಿನಾ ಮೆಟ್ಟಿಲ ಮೇಲೆ ಕೂತು ಅದಕ್ಕೇನು ರಿಪೇರಿ ಮಾಡ್ತೀರಿ? ನಾನೇನು ಕುರುಡೀನಾ?" ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. "ಏಳ್ರೀ ಮೇಲೆ. ಒಂದು ರಸ್ತೆ ದಾಟೋಕೂ ಸಮಿತಿ ಬರಬೇಕಾ?"

ಡಾಕ್ಟರು ಎದೆಗೆ ತಂತಿ ಹಚ್ಚಿ ನೋಡಿ ಹುಬ್ಬು ಗಂಟಿಕ್ಕಿದರು. "ಬಡಿತ ತಪ್ಪುತ್ತಿದೆ. ಹೀಗೇ ಬಿಟ್ಟಿದ್ರೆ ಒಂದಿನ ಮೆಟ್ಟಿಲ ಮೇಲೇ ಬಿದ್ದುಹೋಗ್ತಿದ್ರಿ. ಯಾರು ಕಂಡುಹಿಡಿದಿದ್ದು?"

"ಒಂದು ಪಟ್ಟಿ ಸಾರ್," ಎಂದ ಗುಂಡ್ಕಲ್ಲು ಸಣ್ಣ ದನಿಯಲ್ಲಿ. "ಕೆಟ್ಟಿದೆ ಅಂತ ಸಮಿತಿಯವರು ಹೇಳಿದ್ರು."

ಈಗ ಪೀಕಲಾಟ ಸಮಿತಿಗೆ. ಪಟ್ಟಿ ಸರಿ ಎಂದರೆ ಇಷ್ಟು ದಿನ ಕೊಟ್ಟ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ತಪ್ಪು ಎಂದರೆ ಆಸ್ಪತ್ರೆಯೇ ಸುಳ್ಳು. ಅಧ್ಯಕ್ಷರು ಬಾಗಿಲು ಹಾಕಿಕೊಂಡು ಯೋಚಿಸಿ, ಹಾವೂ ಸಾಯದ ಕೋಲೂ ಮುರಿಯದ ತೀರ್ಮಾನದೊಂದಿಗೆ ಹೊರಗೆ ಬಂದರು. ಅದರ ಪ್ರಕಾರ ಕಾವಲುಗಾರ ಅಲ್ಲಿಯವರೆಗೆ ಪೂರ್ತಿ ಆರೋಗ್ಯವಾಗಿದ್ದ. ಅವನಿಗೆ ಕಾಯಿಲೆ ಬಂದದ್ದು ಪಟ್ಟಿ ಕಟ್ಟಿಸಿಕೊಳ್ಳಲು ಮೇಲಿನ ಮಹಡಿಗೆ ಹತ್ತುವಾಗ! ಎಲ್ಲ ಯಂತ್ರಗಳೂ ಸರಿ, ಎಲ್ಲರ ಕಂತೂ ಸರಿ. ಪಟ್ಟಿ ಮೇಡಂಗೂ ದುಡ್ಡು ಬಂತು. ಜೊತೆಗೊಂದು ಹೊಸ ನಿಯಮವೂ ಬಂತು: ಇನ್ನು ಮುಂದೆ ಯಂತ್ರವನ್ನು ರೋಗಿಗೂ ಹಚ್ಚಿ, ಕೆಂಪು ದೀಪ ತೋರಿಸಬೇಕು.

ಗುಂಡ್ಕಲ್ಲು ಗುಳಿಗೆ ನುಂಗುತ್ತಾ, ತನ್ನ ಕಾಲ ಮುಗಿಯಿತು ಎಂದುಕೊಂಡಿದ್ದ. ಎಲ್ಲಿ ಮುಗಿಯಿತು! ಕಣ್ಣುಯಂತ್ರದ ಯಜಮಾನ ಅದೇ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಓಡಿಬಂದ. "ಅಣ್ಣಾ, ನಿಮ್ಮಂಥ ರೋಗಿ ಇನ್ನೆಲ್ಲಿ ಸಿಗ್ತಾರೆ? ನಾಳೆ ಸಮಿತಿ ಬರುತ್ತೆ, ಇವತ್ತು ಒಂದ್ಸಲ ಕೂತು ನೋಡೋಣ."

ಗುಂಡ್ಕಲ್ಲು ತನ್ನ ಅಂಗಿಯ ಮೇಲೇ ಅದನ್ನು ತೊಟ್ಟು ಕೂತ. ಹಸಿರು. ಯಜಮಾನ ಗುಂಡಿ ಒತ್ತಿ, ತಂತಿ ಎಳೆದು, ಯಂತ್ರದ ತಲೆ ಮೊಟಕಿದ. ಮತ್ತೆ ಹಸಿರು. ಅವನ ಹಣೆಯಲ್ಲಿ ಬೆವರಿಳಿಯಿತು.

"ಅಣ್ಣಾ, ಸ್ವಲ್ಪ ಕಾಯಿಲೆಯವರ ಥರ ಕೂತ್ಕೊಳ್ಳಿ. ಒಂಚೂರು ಬಾಗಿ... ಹಾಂ. ನಗಬೇಡಿ."

ಆ ಹಸಿರನ್ನು ನೋಡಿದರೆ ಗುಂಡ್ಕಲ್ಲಿಗೆ ಹಿಂದೆ ಎದೆ ಉಬ್ಬುತ್ತಿತ್ತು. ಇವತ್ತು ಮೈ ಜುಮ್ಮೆಂದಿತು. "ಈ ದೀಪ ನಂಬ್ಕೊಂಡು ನಾನು ಸಾಯೋನಿದ್ದೆ ಕಣಪ್ಪಾ" ಎಂದ. ಎದ್ದು ಬಿಳಿ ಅಂಗಿ ಬಿಚ್ಚಿ ಯಂತ್ರದ ಮೇಲೆ ಹೊದಿಸಿದ. "ತಗೋ, ಇದಕ್ಕೇ ಹಾಕು. ರೋಗಿ ಇದೇ."

ಗುಳಿಗೆ, ನೀರು ಹಿಡಿದು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಇಳಿಯತೊಡಗಿದರು. ನಡುವೆ ಅವನಿಗೆ ದಣಿವಾಯಿತು, ಮೆಟ್ಟಿಲ ಮೇಲೆ ಕೂತ. ಈ ಸಲ ಚಪ್ಪಲಿ ಮುಟ್ಟಲಿಲ್ಲ. ಅವಳೂ ಪಕ್ಕದಲ್ಲಿ ಕೂತು ನೀರು ಕೊಟ್ಟಳು.