ಅತ್ತೆಯವರ ಹಾಲಿಲ್ಲದ ಟೀ

ವಿಶಾಖಪಟ್ಟಣದಲ್ಲಿದ್ದಾಗ ತಿಂಗಳಿಗೊಂದು ಶನಿವಾರ ನಾನು, ನಮ್ಮವರು, ಮಗಳು, ಅತ್ತೆ ಬಂದರಿನ ಹತ್ತಿರದ ಚೈನೀಸ್ ಹೋಟೆಲಿಗೆ ಹೋಗುತ್ತಿದ್ದೆವು. ಅತ್ತೆ ಅಲ್ಲಿ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಮಾಂಸ ಬೇಯುವ ಅಡುಗೆಮನೆ. ಊಟದ ಜೊತೆ ಕೊಡುತ್ತಿದ್ದ, ಹಾಲಿಲ್ಲದ, ಮಲ್ಲಿಗೆ ವಾಸನೆಯ ಟೀ ಮಾತ್ರ ಕುಡಿಯುತ್ತಿದ್ದರು.

"ಎಲೆ, ಬಿಸಿನೀರು. ಉಪ್ಪಿಲ್ಲ, ಸೌಟು ಸೋಕಿಲ್ಲ. ಇದಕ್ಕೇನು ದೋಷವಮ್ಮ?"

ಈ ಶಾಸ್ತ್ರವನ್ನು ಅವರೇ ಬರೆದುಕೊಂಡಿದ್ದರು. ನಾವು ನೂಡಲ್ಸ್ ಮುಗಿಸುವುದರೊಳಗೆ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಐದಾರು ಸಲ ತುಂಬಿಸಿಕೊಂಡು, ಮೊಮ್ಮಗಳು ಸೊರ್ರನೆ ಎಳೆದುಕೊಳ್ಳುವುದನ್ನು ನೋಡಿ ನಗುತ್ತಿದ್ದರು.

ಆಮೇಲೆ ನಮ್ಮವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಹೊರಡುವಾಗ ಹೋಟೆಲಿನ ಮುದುಕಿ ಒಡತಿ ಅತ್ತೆಗೆಂದೇ ಒಂದು ಪೊಟ್ಟಣ ಎಲೆ ಕಟ್ಟಿಕೊಟ್ಟಳು.

ಬೆಂಜ್ ಸರ್ಕಲ್ ಹತ್ತಿರ ನಾವು ಹುಡುಕಿಕೊಂಡ ಚೈನೀಸ್ ಹೋಟೆಲಿನಲ್ಲಿ ಟೀ ಎಂದರೆ ಹಾಲು, ಸಕ್ಕರೆ ಹಾಕಿ ಕುದಿಸಿದ್ದು. ಅತ್ತೆ ಲೋಟವನ್ನು ಮೆಲ್ಲಗೆ ಆಚೆ ಸರಿಸಿದರು. ಇನ್ನೆರಡು ಹೋಟೆಲುಗಳಲ್ಲಿ ವಿಚಾರಿಸಿದೆ. ಹಾಲಿಲ್ಲದ ಟೀ ಕೇಳಿದ್ದಕ್ಕೆ, ಮೈ ಸರಿಯಿಲ್ಲವೇ ಎಂದರು.

ಮುಂದಿನ ತಿಂಗಳು ನಾನೇ ಪೊಟ್ಟಣ ಬಿಚ್ಚಿದೆ. ಆ ಟೀ ಮಾಡುವ ಬಗೆ ನನಗೇನು ಗೊತ್ತು? ಅಷ್ಟೂ ಎಲೆಯನ್ನು ಕಾಫಿ ಫಿಲ್ಟರಿಗೆ ಸುರಿದು ಡಿಕಾಕ್ಷನ್ ಇಳಿಸಿದೆ. ಬಿಸಿನೀರು ಬೆರೆಸಿ, ಫ್ಲಾಸ್ಕಿಗೆ ತುಂಬಿಕೊಂಡು ಹೋದೆ. ಮೇಜಿನ ಮೇಲೆ ಮುಚ್ಚಳ ತಿರುಗಿಸಿದ್ದೇ ತಡ, ಬಡಿಸುವವನು ಬಂದು ನಿಂತ.

"ಬಯಟ ಟೀ ಇಕ್ಕಡ ಕುದರದಂಡಿ."

ಹೊರಗಿನದು ತರುವಂತಿಲ್ಲ, ಸರಿ. ಆದರೆ ಪಕ್ಕದ ಮೇಜಿನಲ್ಲಿ ನಮ್ಮವರ ಬ್ಯಾಂಕಿನವರು ಕೂತಿದ್ದರು. ನಮ್ಮವರು ಹಲ್ಲು ಕಚ್ಚಿಕೊಂಡು, "ಒಳಗಿಡೇ ಅದನ್ನ, ಮಾನ ಹೋಗ್ತಿದೆ" ಎಂದರು. ನಾವು ಮೂವರು ತಿಂದೆವು. ಅತ್ತೆ ನಾವು ಏಳುವವರೆಗೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಗಂಡನ ಮೇಲಿನ ಸಿಟ್ಟನ್ನು ರಸ್ತೆಯಲ್ಲಿ ಅತ್ತೆಯ ಮೇಲೆ ತೀರಿಸಿಕೊಂಡೆ. "ಇನ್ನುಮೇಲೆ ನೀವು ಮನೇಲೇ ಇರಿ ಅತ್ತೆ. ನಿಮಗೂ ಹಿಂಸೆ ಬೇಡ, ನಮಗೂ ನೆಮ್ಮದಿ."

"ಆಗಲಮ್ಮ" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲಿಂದ ಮುಂದಿನ ಶನಿವಾರಗಳಲ್ಲಿ ಮೊಮ್ಮಗಳಿಗೆ ಜಡೆ ಹಾಕಿ, ಗೇಟಿನವರೆಗೆ ಬಂದು ನಮ್ಮನ್ನು ಕಳಿಸಿಕೊಡುತ್ತಿದ್ದರು. ನಾನು ನೂಡಲ್ಸನ್ನು ಅರ್ಧಕ್ಕೇ ಬಿಡುತ್ತಿದ್ದೆ. ಆದರೂ ಹೋಗುತ್ತಿದ್ದೆ, ತಪ್ಪಾಯಿತು ಎನ್ನಲು ನನ್ನ ಬಿಗುಮಾನ ಬಿಡಲಿಲ್ಲ.

ವರ್ಷ ಕಳೆದ ಮೇಲೆ ಒಂದು ಮದುವೆಗೆಂದು ವಿಶಾಖಪಟ್ಟಣಕ್ಕೆ ನಾನೊಬ್ಬಳೇ ಹೋದೆ. ಬಿಡುವು ಮಾಡಿಕೊಂಡು ಆ ಮುದುಕಿಯ ಹತ್ತಿರ ಹೋಗಿ ಫಿಲ್ಟರಿನ ಕಥೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚಿಟಿಕೆ ಎಲೆ, ಕುದಿದು ಸ್ವಲ್ಪ ಆರಿದ ನೀರು, ಎರಡು ನಿಮಿಷ ಮುಚ್ಚಿಡಬೇಕು, ಅಷ್ಟೇ. ಮತ್ತೆ ಒಂದು ಪೊಟ್ಟಣ ಕೊಟ್ಟಳು, ಬೇಡವೆಂದರೂ ಆ ಪುಟ್ಟ ಬಟ್ಟಲನ್ನೂ ಕೊಟ್ಟಳು.

ಊರಿಗೆ ಬಂದ ದಿನವೇ ಮಾಡಿದೆ. ಅದೇ ಬಣ್ಣ, ಅದೇ ವಾಸನೆ. ಗೆದ್ದವಳಂತೆ ಅತ್ತೆಯ ಮುಂದೆ ಇಟ್ಟೆ. ಅವರು ನಿಧಾನವಾಗಿ ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟರು.

"ಚೆನ್ನಾಗಿ ಬಂದಿದೆ. ಆದ್ರೆ ಮನೇಲಿ ಕುಡಿಯೋಕೆ ನನಗೆ ಕಾಫಿ ಇದೆಯಲ್ಲಮ್ಮ. ಆ ಹೋಟೆಲಲ್ಲಾದ್ರೆ, ನಿಮ್ಮ ಜೊತೆ ಕೂತ್ಕೊಳ್ಳೋಕೆ ಕೈಯಲ್ಲಿ ಏನಾದ್ರೂ ಬೇಕಿತ್ತು."