ವಾಕಿಂಗ್ ಸರ

ಮಲ್ಲತ್ತಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ಹೆಂಗಸರ ಕೊರಳಲ್ಲಿ ಈಗ ಚಿನ್ನ ಇರುವುದಿಲ್ಲ. ಬೈಕಿನಲ್ಲಿ ಬಂದ ಇಬ್ಬರು ಒಬ್ಬಾಕೆಯ ಮಾಂಗಲ್ಯದ ಸರವನ್ನು ಕಿತ್ತುಕೊಂಡು ಹೋದ ಮೇಲೆ ಎಲ್ಲರೂ ಅದನ್ನು ಬೀರುವಿನಲ್ಲಿಟ್ಟು ಬರುತ್ತಾರೆ. ಆದರೆ ಬರಿಕೊರಳಿನಲ್ಲಿ ಹೊಸಿಲು ದಾಟಲು ಅವರ ಮನಸ್ಸು ಒಪ್ಪಲಿಲ್ಲ. ಪ್ರಭಾಳ ಕಸುಬು ಹುಟ್ಟಿದ್ದು ಹೀಗೆ.

ಅವಳು ತಾಮ್ರದ ತಂತಿಗೆ ಒಂದು ಕರಿಮಣಿ ಪೋಣಿಸಿ, ಮಣಿಯ ಎರಡೂ ಕಡೆ ತಂತಿಯನ್ನು ಬಗ್ಗಿಸಿ ಕುಣಿಕೆ ಮಾಡಿ, ಮಿಕ್ಕ ತುದಿಯನ್ನು ಕುಣಿಕೆಯ ಬುಡಕ್ಕೆ ಬಿಗಿಯಾಗಿ ಸುತ್ತುತ್ತಾಳೆ. ಆ ಕುಣಿಕೆಗೆ ಮುಂದಿನ ಮಣಿಯ ಕುಣಿಕೆಯನ್ನು ಸಿಕ್ಕಿಸುತ್ತಾಳೆ. ಇದಕ್ಕೆ ಹೆಂಗಸರು ‘ವಾಕಿಂಗ್ ಸರ’ ಎಂದು ಹೆಸರಿಟ್ಟರು. ಕಳ್ಳ ಕಿತ್ತರೆ ಅವನಿಗೆ ಏನೂ ಸಿಗುವುದಿಲ್ಲ, ದೇವರು ನೋಡಿದರೆ ಕರಿಮಣಿ ಕಾಣುತ್ತದೆ. ಇಬ್ಬರನ್ನೂ ಒಂದೇ ಸರದಲ್ಲಿ ಏಮಾರಿಸಬಹುದೆಂದು ನಂಬಿದ ಇವರೆಲ್ಲ ಪದವೀಧರರು.

ತಂತಿ ಬರುತ್ತಿದ್ದುದು ಅವಳ ಗಂಡನ ಅಂಗಡಿಯಿಂದ. ಮಹದೇವ್ ಸುಂಕದಕಟ್ಟೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಆ ತಂತಿಗೆ ವಾರ್ನಿಷ್ಷಿನ ಲೇಪ ಇರುವುದರಿಂದ ಬೆವರಿಗೆ ಬೇಗ ಕಪ್ಪಾಗುವುದಿಲ್ಲ. ರೀಲಿನ ಕೊನೆಯಲ್ಲಿ ಉಳಿದದ್ದನ್ನು ಅವನು ಮನೆಗೆ ತರುತ್ತಿದ್ದ.

“ನಾನು ಸುತ್ತಿದ್ರೆ ಮೋಟ್ರು ತಿರುಗುತ್ತೆ. ನೀನು ಸುತ್ತಿದ್ರೆ ಏನೇ ತಿರುಗುತ್ತೆ?” ಎಂದು ಕೆಣಕುತ್ತಿದ್ದ.

“ಹೆಂಗಸ್ರ ಕತ್ತು ತಿರುಗುತ್ತೆ,” ಎನ್ನುತ್ತಿದ್ದಳು ಪ್ರಭಾ.

ಈ ಕೆಲಸದಲ್ಲಿ ಕೆಡುವುದು ಒಂದೇ, ತಂತಿಯ ತುದಿ. ಸರಿಯಾಗಿ ಒತ್ತಿ ಕೂರಿಸದಿದ್ದರೆ ಅದು ಚುಚ್ಚುತ್ತದೆ. ಎದ್ದ ತುದಿ ಕಣ್ಣಿಗೆ ಕಾಣುವುದಿಲ್ಲ, ಸವೆದ ಬೆರಳಿಗೂ ಸಿಗುವುದಿಲ್ಲ. ಅದಕ್ಕೇ ಪ್ರಭಾ ಪ್ರತಿ ಸರವನ್ನೂ ಮುಗಿಸಿದ ಮೇಲೆ ತನ್ನ ಕೊರಳಿಗೇ ಹಾಕಿ, ತಲೆಯನ್ನು ಆಚೀಚೆ ತಿರುಗಿಸಿ, ಬಗ್ಗಿ, ಆಮೇಲೆ ಬಿಚ್ಚಿ ಕೊಡುತ್ತಿದ್ದಳು. ಕೊಳ್ಳುವವರು ಇದಕ್ಕೆ ಬೇರೆಯೇ ಅರ್ಥ ಕಟ್ಟಿದರು. ಮುತ್ತೈದೆಯೊಬ್ಬಳು ಹಾಕಿಕೊಂಡು ಕೊಟ್ಟದ್ದು ಒಳ್ಳೆಯದೆಂದು, “ನೀವು ಒಂದ್ಸಲ ಹಾಕ್ಕೊಂಡೇ ಕೊಡಿ ಪ್ರಭಾ,” ಎಂದು ಕೇಳಿಯೇ ಪಡೆಯುತ್ತಿದ್ದರು. ಅವಳು ಆ ನಂಬಿಕೆಯನ್ನು ತಿದ್ದಲು ಹೋಗಲಿಲ್ಲ.

ಒಂದು ಮಧ್ಯಾಹ್ನ ಮಹದೇವ್ ಅಂಗಡಿಯಲ್ಲೇ ಕುಸಿದುಬಿದ್ದು ಸತ್ತ.

ಪ್ರಭಾ ಅಳಲಿಲ್ಲ. ಹೆಣದ ಮುಂದೆ ಕೂತವರಿಗೆ ಫ್ಯಾನಿನ ಗಾಳಿ ಸಾಕೇ ಎಂದು ವಿಚಾರಿಸಿದಳು. ಇದನ್ನು ಕೆಲವರು ಗಟ್ಟಿತನ ಎಂದರು, ಕೆಲವರು ಕಲ್ಲುಮನಸ್ಸು ಎಂದರು. ಎರಡೂ ಅಲ್ಲ. ಸಾರಿಗೆ ಉಪ್ಪು ಹಾಕಿಲ್ಲವೆಂದು ಅತ್ತೆ ಬಸವ್ವ ಹೇಳುವವರೆಗೆ ಅವಳಿಗೆ ತಿಳಿಯುತ್ತಿರಲಿಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ಎಂದು ಅವಳು ಗಮನಿಸುತ್ತಿರಲಿಲ್ಲ. ಕರಿಮಣಿ ಕಟ್ಟಲು ಕೂತಾಗ ಮಾತ್ರ ಹೊತ್ತು ಹೋಗುತ್ತಿತ್ತು. ಅದರಿಂದ ಸಮಾಧಾನ ಸಿಗುತ್ತಿತ್ತು ಎಂದರೆ ಸುಳ್ಳಾದೀತು. ಹೊತ್ತು ಹೋಗುತ್ತಿತ್ತು, ಅಷ್ಟೆ. ಅದೂ ತಪ್ಪಿದರೆ ಇಡೀ ದಿನವನ್ನು ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

ತಪ್ಪುವ ಲಕ್ಷಣ ಕಾಣುತ್ತಿತ್ತು. ಹೆಂಗಸರು ಬರುತ್ತಿದ್ದರು, ಮೃದುವಾಗಿ ಮಾತಾಡುತ್ತಿದ್ದರು, ಅವಳು ತಂತಿಯಲ್ಲೇ ಮಾಡುತ್ತಿದ್ದ ಓಲೆ ಕೇಳುತ್ತಿದ್ದರು, ಬ್ರೇಸ್‌ಲೆಟ್ ಕೇಳುತ್ತಿದ್ದರು. ಕರಿಮಣಿಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದವಳು ಬಸವ್ವ ಒಬ್ಬಳೇ.

“ಗಂಡ ಸತ್ತೋಳು ಕಟ್ಟಿದ ಕರಿಮಣಿನ ಯಾವ ಮುತ್ತೈದೆ ಹಾಕ್ಕತಾಳೆ? ನಾನಾಗಿದ್ರೂ ಹಾಕ್ಕತಿರ್ಲಿಲ್ಲ.”

“ನೀವು ಹಾಕ್ಕೊಳ್ಳೋ ಹಾಗೂ ಇಲ್ವಲ್ಲ ಅತ್ತೆ.”

“ಅದ್ಕೇ ಹೇಳ್ತಿರೋದು. ನಂಗೊತ್ತು, ಜನ ಹೆಂಗೆ ಅಂತ.”

ಸಾವಿಗೆ ಮುಂಚಿನ ಆರ್ಡರು ಒಂದು ಉಳಿದಿತ್ತು. ಬ್ಯಾಂಕಿನಿಂದ ನಿವೃತ್ತರಾದ ವರಲಕ್ಷ್ಮಿಯವರು ಹೊಸದಾಗಿ ಮದುವೆಯಾದ ಮಗಳು ಸಿಂಚನಾಳಿಗೆ ಹೇಳಿದ್ದ ಸರ ಅದು. ಕೆರೆಯ ಸುತ್ತ ನಡೆಯುವವರಲ್ಲಿ ವರಲಕ್ಷ್ಮಿಯವರ ಮಾತೇ ನಡೆಯುವುದು. ಅವರು ಒಯ್ದರೆ ಉಳಿದವರೂ ಒಯ್ಯುತ್ತಾರೆ, ಅವರು ಬೇಡವೆಂದರೆ ಕರಿಮಣಿಯ ಕೆಲಸ ಮುಗಿದಂತೆ. ಪ್ರಭಾಳಿಗೂ ಇದು ತಿಳಿದಿತ್ತು.

ಒಂದು ಶನಿವಾರ ತಾಯಿ ಮಗಳು ಇಬ್ಬರೂ ಬಂದರು. ಪ್ರಭಾ ಅವರೆದುರೇ ಕೊನೆಯ ಹುಕ್ಕನ್ನು ಜೋಡಿಸಿದಳು, ತಂತಿ ಕತ್ತರಿಸಿದಳು, ತುದಿ ಒತ್ತಿದಳು. ಎದ್ದು ಕನ್ನಡಿಯ ಮುಂದೆ ನಿಂತು ಸರವನ್ನು ತನ್ನ ಕೊರಳಿಗೆ ಹಾಕಿಕೊಂಡಳು. ತಲೆಯನ್ನು ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು, ಬಗ್ಗಿದಳು.

“ಏನೇ ಮಾಡ್ಬಿಟ್ಟೆ ಪ್ರಭಾ!” ಎಂದಳು ಅಡುಗೆಮನೆಯ ಬಾಗಿಲಲ್ಲಿದ್ದ ಬಸವ್ವ.

ವರಲಕ್ಷ್ಮಿಯವರು ತಲೆಯೆತ್ತಿ ಫ್ಯಾನು ನೋಡಿದರು. “ಇರ್ಲಿ ಬಿಡಿ, ಅಭ್ಯಾಸಬಲ. ನಿಮಗೂ ಸುಸ್ತಾಗಿದೆ. ಈ ಸರ ಇಲ್ಲೇ ಇರ್ಲಿ ಪ್ರಭಾ. ಅವಳಿಗೆ ಒಂದು ಜೊತೆ ಜುಮ್ಕಿ ಕೊಡಿ, ಸಾಕು.”

“ಆಂಟಿ, ಕತ್ತಲ್ಲಿ ರಕ್ತ!” ಎಂದಳು ಸಿಂಚನಾ.

ಪ್ರಭಾ ಕೊರಳು ಮುಟ್ಟಿ ಬೆರಳನ್ನು ನೋಡಿದಳು. ಕಿವಿಯ ಕೆಳಗೆ ಉದ್ದಕ್ಕೆ ಗೀರಿತ್ತು. ಅವಳಿಗೆ ನೋವು ತಿಳಿದಿರಲೇ ಇಲ್ಲ. “ತುದಿ ಎದ್ದಿದೆ,” ಎಂದು ಸರ ಬಿಚ್ಚಿದಳು.

“ಸರಿ ಮಾಡ್ಕೊಟ್ರೆ ಆಯ್ತಲ್ಲಮ್ಮ. ನಂಗೆ ಇದೇ ಬೇಕು.”

“ಸುಮ್ನಿರೇ ನೀನು. ರಕ್ತ ಹತ್ತಿದೆ ಅದಕ್ಕೆ.”

“ತೊಳೆದ್ರೆ ಹೋಗುತ್ತೆ ಕಣಮ್ಮ. ನೀನು ಮೊದ್ಲು ಫ್ಯಾನ್ ನೋಡ್ಕೊಂಡು ಮಾತಾಡೋದು ಬಿಡು.”

ಪ್ರಭಾ ಸರವನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿದಳು. “ನಾನು ಇನ್ಮೇಲೆ ಹಾಕ್ಕೊಂಡು ನೋಡಿ ಕೊಡೋಕಾಗಲ್ಲ,” ಎಂದಳು.

“ಅದೇ ನಾನೂ ಹೇಳಿದ್ದು,” ಎಂದರು ವರಲಕ್ಷ್ಮಿಯವರು, ಭಾರ ಇಳಿದವರಂತೆ.

“ನೀವು ಹೇಳಿದ್ದು ಬೇರೆ, ಅಕ್ಕ. ಚುಚ್ಚಿದ್ರೂ ನಂಗೆ ಗೊತ್ತಾಗ್ತಿಲ್ಲ. ಗೊತ್ತಾಗ್ದೇ ಇರೋ ಕತ್ತಿಗೆ ಹಾಕಿ ನೋಡಿ ಏನು ಪ್ರಯೋಜನ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದಳು. “ಬಾ ಸಿಂಚನಾ, ಕೂತ್ಕೋ. ನಿನಗೇ ಹಾಕ್ತೀನಿ. ಎಲ್ಲಿ ಚುಚ್ಚುತ್ತೆ ಹೇಳು, ಅಲ್ಲೇ ಒತ್ತಿ ಕೊಡ್ತೀನಿ.”

ಬಸವ್ವ “ಶಿವನೇ” ಎಂದು ಒಳಗೆ ಹೋದಳು. ಮೊದಲಿನದು ಮರೆವು. ಇದು ಹಾಗಲ್ಲ. ಹೊಸ ಮದುವಣಗಿತ್ತಿಯ ಕೊರಳಿಗೆ ವಿಧವೆಯೊಬ್ಬಳು ತನ್ನ ಕೈಯಾರೆ ಕರಿಮಣಿ ಹಾಕುತ್ತೇನೆಂದು ಅವಳ ತಾಯಿಯ ಎದುರೇ ಹೇಳುತ್ತಿದ್ದಳು. ವರಲಕ್ಷ್ಮಿಯವರು ಮಗಳ ಕೈ ಹಿಡಿದು ಎದ್ದುಹೋಗಬಹುದಿತ್ತು. ಅವರು ಪರ್ಸಿನಿಂದ ಫೋನು ತೆಗೆದರು. ಅದು ರಿಂಗಾಗಿರಲಿಲ್ಲ. “ಹಲೋ, ಹಾಂ, ಹೇಳಿ,” ಎನ್ನುತ್ತ ಗೇಟಿನವರೆಗೆ ಹೋಗಿ, ಮನೆಗೆ ಬೆನ್ನುಮಾಡಿ ನಿಂತರು.

ಸಿಂಚನಾ ಸ್ಟೂಲಿನ ಮೇಲೆ ಕೂತಳು.

“ಏನ್ ಆಂಟಿ, ಕೈ ಇಷ್ಟು ತಣ್ಣಗಿದೆ.”

“ಚುಚ್ಚುತ್ತಾ?”

“ಇಲ್ಲ. ಹಾಂ, ಇಲ್ಲಿ. ಸ್ವಲ್ಪ ಹಿಂದೆ.”

ಪ್ರಭಾ ಸಣ್ಣ ಇಕ್ಕಳದಿಂದ ತುದಿಯನ್ನು ಒಳಕ್ಕೆ ಒತ್ತಿದಳು. “ಈಗ?”

“ಈಗಿಲ್ಲ.”

“ಬಲಕ್ಕೆ ತಿರುಗು. ಬಗ್ಗು.”

“ಏನೂ ಇಲ್ಲ ಆಂಟಿ, ಸರಿ ಇದೆ.”

ವರಲಕ್ಷ್ಮಿಯವರು ಫೋನನ್ನು ಪರ್ಸಿಗೆ ಹಾಕುತ್ತ ಒಳಗೆ ಬಂದರು. ಮಗಳ ಕೊರಳನ್ನು ನೋಡಿದರು, ಸೆರಗು ಸರಿಮಾಡಿಕೊಂಡರು. “ಆಯ್ತಾ? ನಡಿ, ಟ್ರಾಫಿಕ್ ಶುರುವಾಗುತ್ತೆ,” ಎಂದರು. ಸಿಂಚನಾ ಸರವನ್ನು ಬಿಚ್ಚದೆ ಹಾಗೆಯೇ ಹೋದಳು.

ಅವರು ಹೋದ ಮೇಲೆ ಪ್ರಭಾ ವಾಕಿಂಗಿನ ಹೆಂಗಸರ ಗ್ರೂಪಿಗೆ ಒಂದು ಮೆಸೇಜು ಹಾಕಿದಳು. ಕರಿಮಣಿ ಸರ ಬೇಕಾದವರು ಇನ್ನು ಮುಂದೆ ತಾವೇ ಮನೆಗೆ ಬಂದು, ಹಾಕಿಸಿಕೊಂಡು ನೋಡಿ ಒಯ್ಯಬೇಕು. ಹಲವರು ಓದಿ ಸುಮ್ಮನಾದರು. ಒಬ್ಬಾಕೆ ಸೋಮವಾರ ಬರಲೇ ಎಂದು ಕೇಳಿದಳು. ಪ್ರಭಾ ಬನ್ನಿ ಎಂದು ಉತ್ತರಿಸಿ, ರೀಲಿನಿಂದ ತಂತಿ ಎಳೆದು ಅಳೆಯತೊಡಗಿದಳು.

ಬಸವ್ವ ಅಂಗೈಯಲ್ಲಿ ಅರಿಶಿನ ಕಲಸಿ ತಂದು ಸೊಸೆಯ ಕೊರಳಿನ ಗೀರಿಗೆ ಒತ್ತಿದಳು. “ಬುದ್ಧಿ ಅನ್ನೋದೇ ಇಲ್ಲ ನಿಂಗೆ. ಉರಿತೈತಾ?”

ಪ್ರಭಾ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಗೊತ್ತಾಗ್ತಿಲ್ಲ ಅತ್ತೆ,” ಎಂದಳು.