ಬೀದಿಯ ಮೊದಲ ಬಾವುಟ

ಹಾಸಿಗೆಯ ಪಕ್ಕದಲ್ಲಿದ್ದ ಆಮ್ಲಜನಕದ ಯಂತ್ರ ಒಮ್ಮೆ ಕೀಚಲಾಗಿ ಕೂಗಿ ಸುಮ್ಮನಾಯಿತು. ಶಿಗೆನೊಗೆ ಎಚ್ಚರವಾದಾಗ ದೀಪವೂ ಇಲ್ಲ, ಹೀಟರಿನ ಗುಂಯ್‌ಗುಡುವಿಕೆಯೂ ಇಲ್ಲ. ಹೊರಗೆ ಹಿಮದ ಬಿರುಗಾಳಿ ಮನೆಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಮೂಗಿಗೆ ಸಿಕ್ಕಿಸಿದ್ದ ಕೊಳವೆಯಲ್ಲಿ ಏನೂ ಬರುತ್ತಿರಲಿಲ್ಲ. ನಸುಕಿನ ಕತ್ತಲಲ್ಲಿ ತಡವರಿಸಿ, ತಲೆದೆಸೆಯಲ್ಲಿ ಪುಟ್ಟ ಗಾಡಿಯ ಮೇಲೆ ನಿಂತಿದ್ದ ಸಿಲಿಂಡರಿಗೆ ಕೊಳವೆ ಬದಲಿಸಿ ತಿರುಪು ತಿರುಗಿಸಿದಳು. ಎದೆ ಸ್ವಲ್ಪ ಹಗುರಾಯಿತು.

ಅಲ್ಲಿ ಎರಡು ಸಿಲಿಂಡರು ಇರಬೇಕಿತ್ತು. ಎರಡನೆಯದು ಖಾಲಿಯಾಗಿ ಮನೆಯ ಮುಂಭಾಗದ ಅಂಗಡಿಯ ಮೂಲೆಯಲ್ಲಿ ನಿಂತಿತ್ತು. ಹಳೆಯ ಗಿರಾಕಿಯೊಬ್ಬಳ ಸಾವಿಗೆ ಹೋದಾಗ ಅದನ್ನು ಬಳಸಿ ಮುಗಿಸಿದ್ದಳು. ಆಮ್ಲಜನಕದ ಕಂಪನಿಗೆ ಒಂದು ಫೋನ್ ಮಾಡಿದ್ದರೆ ಮಾರನೆಯ ದಿನವೇ ತುಂಬಿದ್ದನ್ನು ತಂದಿಡುತ್ತಿದ್ದರು. ಆದರೆ ಅಷ್ಟರಲ್ಲಿ ಹಿಮ ಶುರುವಾಗಿತ್ತು. ಒಂದು ಸಿಲಿಂಡರಿಗಾಗಿ ಹಿರೊಸಾಕಿ ಪಟ್ಟಣದಿಂದ ಒಬ್ಬ ಮನುಷ್ಯನನ್ನು ಈ ರಸ್ತೆಯಲ್ಲಿ ಓಡಿಸುವುದೇ, ಹೊಸ ವರ್ಷ ಕಳೆದ ಮೇಲೆ ಯಂತ್ರದ ತಪಾಸಣೆಗೆ ಹೇಗೂ ಬರುತ್ತಾನಲ್ಲ ಎಂದುಕೊಂಡು ಸುಮ್ಮನಾದಳು. ಬೇರೆಯವರಿಗೆ ತೊಂದರೆ ಕೊಡಬಾರದೆಂಬುದು ತ್ಸುಗಾರು ಬಯಲಿನ ಹೆಂಗಸರಿಗೆ ತಾಯಿಯ ಹಾಲಿನೊಂದಿಗೆ ಬಂದ ಪಾಠ. ಅದನ್ನು ಪಾಲಿಸಿ ಸತ್ತವರು ಎಷ್ಟೆಂದು ಯಾರೂ ಹೇಳುವುದಿಲ್ಲ.

ಶಿಗೆನೊ ಮೇಲ್ಬೀದಿಯಲ್ಲಿ ನಲವತ್ತು ವರ್ಷ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಗುಂಗುರು ಮಾಡಿ ಬದುಕಿದವಳು. ಗಂಡ ಎಂಬುವನೊಬ್ಬ ಇದ್ದ. ಚಳಿಗಾಲದ ಕೂಲಿಗೆಂದು ಟೋಕಿಯೊಗೆ ಹೋಗುತ್ತಿದ್ದವನು ಒಂದು ವಸಂತದಲ್ಲಿ ಹಿಂದಿರುಗಲಿಲ್ಲ. ಅವಳು ಹುಡುಕಲಿಲ್ಲ. ಬಾಗಿಲಲ್ಲಿ ಗಿರಾಕಿಗಳು ಕಾದಿದ್ದರು. ಶ್ವಾಸಕೋಶ ಹಾಳಾದದ್ದು ಗುಂಗುರು ಮಾಡುವ ಔಷಧಿಯ ಹೊಗೆಯಿಂದಲೋ ಸಿಗರೇಟಿನಿಂದಲೋ ಎಂದು ವೈದ್ಯರನ್ನು ಕೇಳಿದಾಗ, "ಈಗ ಅದನ್ನ ತಿಳ್ಕೊಂಡು ಏನ್ ಮಾಡ್ತೀರಿ?" ಎಂದರು. ಅವಳಿಗೂ ಆ ಮಾತು ಸರಿಯೆನಿಸಿತು. ಅಂಗಡಿ ಮುಚ್ಚಿದಳು. ಕುರ್ಚಿ, ಕನ್ನಡಿ, ತಲೆ ತೊಳೆಯುವ ಬೋಗುಣಿಗಳನ್ನು ಹಾಗೆಯೇ ಇಟ್ಟುಕೊಂಡು ಅದರ ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಳಿದಳು.

ಮೂರು ವರ್ಷದ ಹಿಂದೆ ಬೀದಿಯಲ್ಲಿ ಬಾವುಟದ ಏರ್ಪಾಡು ಬಂತು. ಒಂಟಿಯಾಗಿ ಇರುವವರೆಲ್ಲ ಬೆಳಗ್ಗೆ ಬಾಗಿಲ ಹೊರಗೆ ಹಳದಿ ಬಾವುಟ ಹಾಕಬೇಕು, ಸಂಜೆ ತೆಗೆಯಬೇಕು. ಬಾವುಟ ಇದ್ದರೆ ಆಸಾಮಿ ಚೆನ್ನಾಗಿದ್ದಾರೆ. ಇಲ್ಲದಿದ್ದರೆ ನೆರೆಯವರು ಹೋಗಿ ನೋಡಬೇಕು. ಆ ಸಭೆಯಲ್ಲಿ ಶಿಗೆನೊ ರೇಗಿದ್ದಳು.

"ನಾನು ಸತ್ತಿದೀನೋ ಬದುಕಿದೀನೋ ಅಂತ ಬಟ್ಟೆ ಒಣಹಾಕಿ ಹೇಳಬೇಕಾ?"

ಅವಳ ಮನೆಯಿಂದ ಎರಡು ಮನೆ ಆಚೆಯ ಇಸೊ, ಎಂಬತ್ತು ದಾಟಿದ ವಿಧವೆ, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿದ್ದಳು. "ಸತ್ತೋರು ಹಾಕೋಕಾಗಲ್ಲ ಕಣೇ ಸೆನ್ಸೇ. ಅದೇ ಅನುಕೂಲ." ಸೆನ್ಸೇ ಎಂದರೆ ಮೇಷ್ಟ್ರು; ಊರಿನ ಹೆಂಗಸರಿಗೆ ತಲೆ ಬಾಚುವವಳೂ ಸೆನ್ಸೇಯೇ.

ಒಂದು ತಿಂಗಳಲ್ಲಿ ಆ ಬಾವುಟದ ಅರ್ಥವೇ ಬದಲಾಯಿತು. ತಡವಾಗಿ ಹಾಕಿದವರನ್ನು "ಏನಜ್ಜಿ, ಇವತ್ತು ಎದ್ದಿರಲಿಲ್ವಾ?" ಎಂದು ಕೇಳತೊಡಗಿದರು. ಹಾಗೆ ಕೇಳಿಸಿಕೊಳ್ಳುವುದು ಯಾರಿಗೂ ಬೇಡವಾಗಿತ್ತು. ಇಸೊ ಬೆಳಕು ಹರಿಯುವ ಮೊದಲೇ ಹಾಕುತ್ತಿದ್ದಳು. ಶಿಗೆನೊ ಅವಳಿಗಿಂತ ಮೊದಲು. ಕೆಲವರು ರಾತ್ರಿ ತೆಗೆಯುವುದನ್ನೇ ಬಿಟ್ಟರು. ಜ್ವರ ಬಂದರೂ ಬಾವುಟ, ಕಾಲು ಉಳುಕಿದರೂ ಬಾವುಟ.

ಆ ಬೆಳಗ್ಗೆಯೂ ಹಾಗೆಯೇ ಆಯಿತು. ಯಂತ್ರ ನಿಂತಿದೆ, ಇರುವುದು ಒಂದೇ ಸಿಲಿಂಡರು, ಹೊರಗೆ ಕೈ ಚಾಚಿದರೆ ಕೈ ಕಾಣದ ಹಿಮ. ಶಿಗೆನೊ ಗಾಡಿ ಎಳೆದುಕೊಂಡು ಅಂಗಡಿ ದಾಟಿ, ಬಾಗಿಲು ಒಂದು ಗೇಣು ಸರಿಸಿ, ಬಾವುಟದ ಕೋಲನ್ನು ಅದರ ಕೊಂಡಿಗೆ ಸಿಕ್ಕಿಸಿ ಬಂದಳು. ಅಷ್ಟಕ್ಕೇ ಅವಳು ಕ್ಷೌರದ ಕುರ್ಚಿಯಲ್ಲಿ ಕುಸಿದು ಬಹಳ ಹೊತ್ತು ಏದುಸಿರು ಬಿಡಬೇಕಾಯಿತು.

ಬೆಳಕಾದ ಮೇಲೆ ಫೋನ್ ಬಂತು. ಮಿತೋಬೆ, ಬೀದಿಯ ಮುಖ್ಯಸ್ಥ, ಹಿಂದೆ ಬಸ್ಸು ಓಡಿಸುತ್ತಿದ್ದವನು.

"ಶಿಗೆನೊ-ಸಾನ್, ಇವತ್ತೂ ನಿಮ್ಮದೇ ಮೊದಲ ಬಾವುಟ! ಕರೆಂಟ್ ಹೋದ್ರೂ ನೀವು ಹೋಗಲ್ಲ ಬಿಡಿ."

"ಹೋಗೋಕೆ ರಸ್ತೆ ಎಲ್ಲಿದೆ, ಮಿತೋಬೆ-ಸಾನ್?"

ಅವನು ನಕ್ಕ. "ನಿಮ್ಮ ಆ ಗಾಳಿ ಯಂತ್ರದ್ದು ಏನ್ ಕಥೆ?"

"ಸಿಲಿಂಡರ್ ಇದೆ."

"ಸಾಕಾಗತ್ತಾ? ಪುರಭವನದಲ್ಲಿ ಜನರೇಟರ್ ಹಾಕಿದಾರೆ. ಅಗ್ನಿಶಾಮಕದೋರು ಹಿಮದ ಗಾಡಿ ತಂದಿದಾರೆ, ಊರಿಗೆಲ್ಲ ಒಂದೇ. ಹೇಳಿ, ನಿಮ್ಮ ಹೆಸರು ಕೊಡ್ತೀನಿ."

"ನನಗ್ಯಾಕೆ? ಬೇಕಾದೋರಿಗೆ ಕೊಡಿ. ನಾನು ಚೆನ್ನಾಗಿದೀನಿ."

"ನಿಜ ತಾನೆ?"

"ಚೆನ್ನಾಗಿದೀನಿ ಅಂದ್ನಲ್ಲ. ನೀವು ನಿಮ್ಮ ಸೊಂಟ ನೋಡ್ಕೊಳ್ಳಿ. ಈ ಗಾಳೀಲಿ ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ."

ಫೋನ್ ಇಟ್ಟ ಮೇಲೆ ಸಿಲಿಂಡರಿನ ಮುಳ್ಳು ನೋಡಿದಳು. ಅದು ಅವಳು ಎಣಿಸಿದ್ದಕ್ಕಿಂತ ಕೆಳಗಿತ್ತು. ಗಾಳಿಯ ಹರಿವನ್ನು ಕಡಿಮೆ ಮಾಡಿದಳು. ಆಗ ಕಂಪನಿಗೆ ಫೋನ್ ಮಾಡಿದಳು. ಎಲ್ಲರೂ ಅದೇ ಹೊತ್ತಿಗೆ ಮಾಡುತ್ತಿದ್ದಿರಬೇಕು. ದಯವಿಟ್ಟು ಕಾಯಿರಿ ಎಂದು ಒಂದು ಧ್ವನಿ, ಆಮೇಲೆ ಪಿಯಾನೊ ಸಂಗೀತ, ಮತ್ತೆ ಅದೇ ಧ್ವನಿ. ತುರ್ತು ಸಂಖ್ಯೆಗೆ ಮಾಡಬಹುದಿತ್ತು. ಅದು ಮನೆಗೆ ಬೆಂಕಿ ಬಿದ್ದವರಿಗೆ, ಸಾಯುತ್ತಿರುವವರಿಗೆ ಎಂದು ಅವಳು ತಿಳಿದಿದ್ದಳು. ತಾನಿನ್ನೂ ಸಾಯುತ್ತಿರಲಿಲ್ಲವಲ್ಲ. ಸಂಗೀತ ಕೇಳುತ್ತ ಕೇಳುತ್ತ ಫೋನಿನ ಬ್ಯಾಟರಿ ಮುಗಿದು ಅದೂ ಸುಮ್ಮನಾಯಿತು.

ಇನ್ನು ಚಳಿ. ಹೀಟರು ಉರಿಸುವುದು ಸೀಮೆಎಣ್ಣೆಯನ್ನೇ ಆದರೂ ಕರೆಂಟಿಲ್ಲದೆ ಹೊತ್ತಿಕೊಳ್ಳದು. ಹಳೆಯ ಬತ್ತಿಯ ಒಲೆಯೊಂದು ಅಂಗಡಿಯಲ್ಲಿತ್ತು, ಅದರಲ್ಲಿ ಎಣ್ಣೆಯೂ ಇತ್ತು. ಕಡ್ಡಿ ಗೀರಿದರೆ ಬೆಚ್ಚಗಾಗಬಹುದು. ಆದರೆ ಆಮ್ಲಜನಕ ಇರುವಲ್ಲಿ ಬೆಂಕಿ ಬಂದರೆ ಏನಾಗುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು. ಆಸ್ಪತ್ರೆಯಲ್ಲಿ ಎದುರು ಕೋಣೆಯಲ್ಲಿದ್ದ ಮೀನುಗಾರನೊಬ್ಬ ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಕದ್ದು ಸಿಗರೇಟು ಹಚ್ಚಿದ್ದ. ಅವನ ಮುಖ ನೋಡಿದ ದಿನವೇ ಅವಳು ಸಿಗರೇಟು ಬಿಟ್ಟದ್ದು.

ಹಾಗಾಗಿ ಅವಳು ಒಂದು ಉಪಾಯ ಮಾಡಿದಳು. ಸಿಲಿಂಡರನ್ನು ಹಿಂದಿನ ಕೋಣೆಯಲ್ಲಿ ಬಿಟ್ಟು, ಕೊಳವೆ ಕಿತ್ತಿಟ್ಟು, ತಿರುಪು ಮುಚ್ಚಿ, ನಡುವಿನ ಬಾಗಿಲು ಹಾಕಿ, ಅಂಗಡಿಗೆ ಬಂದು ಒಲೆ ಹಚ್ಚಿದಳು. ಉಸಿರು ತಡೆಯುವಷ್ಟು ಹೊತ್ತು ಬೆಂಕಿಯ ಮುಂದೆ ಕೈಕಾಲು ಚಾಚುವುದು. ಕಣ್ಣಿಗೆ ಕಪ್ಪು ಚುಕ್ಕೆಗಳು ಬರತೊಡಗಿದಾಗ ಎದ್ದು, ಗೋಡೆ ಹಿಡಿದು ಹಿಂದಿನ ಕೋಣೆಗೆ ಹೋಗಿ ಕೊಳವೆ ಹಾಕಿಕೊಳ್ಳುವುದು. ಹಲ್ಲು ಕಟಕಟ ಎನ್ನುವವರೆಗೆ ಅಲ್ಲಿ ಉಸಿರಾಡುವುದು. ಮತ್ತೆ ಬೆಂಕಿಗೆ. ಮೊದಮೊದಲು ಇದು ನಡೆಯಿತು. ಒಂದು ಸಲ ಒಲೆಯ ಮೇಲೆ ಬೆಚ್ಚಗಾದ ಅಕ್ಕಿಯ ಉಂಡೆಯನ್ನೂ ತಿಂದಳು. ಹೊತ್ತು ಹೋದಂತೆ ಬೆಂಕಿಯ ಮುಂದೆ ಕೂರುವ ಸಮಯ ಕಿರಿದಾಯಿತು. ಎದ್ದು ನಡೆಯುವ ಶ್ರಮಕ್ಕೇ ಅರ್ಧ ಗಾಳಿ ಖರ್ಚಾಗುತ್ತಿತ್ತು. ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು. ಮಧ್ಯಾಹ್ನ ದಾಟಿರಬೇಕು.

ಅವಳು ಒಲೆಯ ಮುಂದಿದ್ದಾಗ ಗಾಳಿ ಒಮ್ಮೆ ನಿಂತಿತು. ಚಳಿಗಾಲಕ್ಕೆಂದು ಕಿಟಕಿಗೆ ಹೊರಗಿನಿಂದ ಬಡಿದಿದ್ದ ಹಲಗೆಗಳ ಸಂದಿಯಲ್ಲಿ ಬಿಳಿ ಬೀದಿ ಕಂಡಿತು. ಆ ಬೀದಿಯಲ್ಲಿ ಮಿತೋಬೆ ಬರುತ್ತಿದ್ದ. ಮುಂದೆ ಹಿಮ ತಳ್ಳುವ, ಉದ್ದ ಹಿಡಿಯ, ಜಾರುಬಂಡಿಯಷ್ಟು ದೊಡ್ಡ ಕಬ್ಬಿಣದ ಮೊರ, ಹಿಂದೆ ಬಗ್ಗಿದ ಸೊಂಟ. ಪ್ರತಿ ಮನೆಯ ಮುಂದೆ ನಿಂತು ತಲೆಯೆತ್ತಿ ನೋಡುತ್ತಿದ್ದ.

ಶಿಗೆನೊ ಗಾಜಿಗೆ ಅಂಟಿಕೊಂಡು ಮುಷ್ಟಿಯಿಂದ ಬಡಿದಳು. ಕೂಗಲು ಬಾಯಿ ತೆರೆದರೆ ಕೆಮ್ಮು ಬಂತು. ಮಿತೋಬೆ ಅವಳ ಬಾಗಿಲ ಮುಂದೆ ನಿಂತ. ಹಳದಿ ಬಾವುಟವನ್ನು ನೋಡಿದ. ಗೆಳೆಯನಿಗೆ ಮಾಡುವಂತೆ ಅದಕ್ಕೆ ಒಂದು ಕೈ ಎತ್ತಿ, ಮೊರ ತಳ್ಳಿಕೊಂಡು ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಎದ್ದು ಬೀದಿಯನ್ನೇ ಅಳಿಸಿಹಾಕಿತು.

ಅವಳು ನೆಲದ ಮೇಲೆ ಕುಳಿತಳು. ಅವನನ್ನು ಬಯ್ಯಲು ಅವಳಿಗೆ ಕಾರಣ ಸಿಗಲಿಲ್ಲ. ಬೆಳಗ್ಗೆ ಚೆನ್ನಾಗಿದ್ದೇನೆ ಎಂದವಳು ತಾನು. ಬಾವುಟ ಹಾಕಿದವಳು ತಾನು. ಅವನು ಎರಡನ್ನೂ ನಂಬಿದ್ದ, ಅಷ್ಟೆ.

ಬಾವುಟ ತೆಗೆಯಬೇಕಿತ್ತು. ಒಲೆ ಆರಿಸಿ, ಹೊಗೆಯೆಲ್ಲ ಹೋಗುವವರೆಗೆ ಕಾದು, ಸಿಲಿಂಡರಿನ ಗಾಡಿ ಎಳೆದುಕೊಂಡು ಬಾಗಿಲಿಗೆ ಬಂದಳು. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಾಗ ಸ್ವಲ್ಪ ಸರಿದು, ಸೊಂಟದೆತ್ತರದ ಹಿಮ ಒಳಗೆ ಉರುಳಿತು. ತಲೆ ತೊಳೆಯುವ ಬೋಗುಣಿಯಲ್ಲಿ ಅದನ್ನು ಮೊಗೆದು ಅಂಗಡಿಯೊಳಗೇ ಚೆಲ್ಲಿದಳು. ನಾಲ್ಕು ಬೋಗುಣಿ, ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚುವುದು. ಮತ್ತೆ ಮೂರು. ಆಮೇಲೆ ಒಂದು. ಕೊನೆಗೆ ತಲೆ, ಭುಜ ಹೊರಗೆ ಹೋಗುವಷ್ಟು ಬಿಲವಾಯಿತು. ಹಲಗೆಯಂತೆ ಸೆಟೆದಿದ್ದ ಬಾವುಟ ಕೈಗೆ ಸಿಕ್ಕಿತು. ಕಿತ್ತು ಒಳಗೆ ಎಸೆದಳು.

ಎಸೆದ ಮೇಲೆ ಹೊಳೆಯಿತು: ಈ ಗಾಳಿಯಲ್ಲಿ ಬೀದಿಯ ಎಷ್ಟೋ ಬಾವುಟಗಳು ಹಾರಿಹೋಗಿರುತ್ತವೆ. ಇದೂ ಹಾರಿಹೋಯಿತು ಎಂದುಕೊಂಡು ಅವನು ಮತ್ತೆ ಮುಂದೆ ಹೋದರೆ?

ಹಿಂದಕ್ಕೆ ಹೋಗಲು ಕಾಲಿನಲ್ಲಿ ತ್ರಾಣವಿರಲಿಲ್ಲ. ಅವಳು ಆ ಬಿಲದಲ್ಲಿ ತಲೆ ಮತ್ತು ಭುಜ ಹೊರಗಿಟ್ಟು, ಕ್ಷೌರಕ್ಕೆ ಹೊದಿಸುತ್ತಿದ್ದ ಬಟ್ಟೆಗಳನ್ನೆಲ್ಲ ಮೈಗೆ ಸುತ್ತಿಕೊಂಡು, ಮುಂದಿನ ಸಲ ಗಾಳಿ ನಿಲ್ಲುವುದನ್ನು ಕಾಯುತ್ತ ಮಲಗಿದಳು. ಹಿಮ ಮುಖದ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಒರೆಸಿಕೊಳ್ಳುವುದನ್ನು ಬಿಟ್ಟಳು. ಕೊಳವೆಯಲ್ಲಿ ಬರುತ್ತಿದ್ದುದು ದಾರದಷ್ಟು ಗಾಳಿ. ದಾರ ಹರಿದರೆ ಮುಗಿಯಿತು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೆದರಿಕೆ ಎಂದರೆ ಇದೇ ಎಂಬುದೂ ಗೊತ್ತಾಯಿತು.

ಕಬ್ಬಿಣ ಹಿಮದ ಮೇಲೆ ಉಜ್ಜುವ ಸದ್ದು ಹತ್ತಿರ ಬಂದು ನಿಂತಿತು.

"ಯಾರದು? ಅಯ್ಯೋ ದೇವರೇ! ಶಿಗೆನೊ-ಸಾನ್! ಚೆನ್ನಾಗಿದೀನಿ ಅಂದ್ರಲ್ಲ! ಬಾವುಟ ಇತ್ತಲ್ಲ!"

ಅವಳು ಸಿಲಿಂಡರಿನ ಮುಳ್ಳನ್ನು ತೋರಿಸಿದಳು. ಮಿತೋಬೆ ಅದನ್ನು ನೋಡಿ ಬಯ್ಯುವುದನ್ನು ನಿಲ್ಲಿಸಿದ. ಸಲಿಕೆಯಿಂದ ಹಿಮ ಅಗೆದು, ಅವಳನ್ನು ಕಂಕುಳಲ್ಲಿ ಹಿಡಿದೆಳೆದು, ಕಬ್ಬಿಣದ ಮೊರದಲ್ಲಿ ಕೂರಿಸಿ, ಸಿಲಿಂಡರನ್ನು ಅವಳ ತೊಡೆಯ ಮೇಲಿಟ್ಟ.

"ಮಾತಾಡಬೇಡಿ. ಇಷ್ಟು ವರ್ಷ ಬಸ್ ಓಡಿಸಿದೀನಿ, ಒಬ್ಬ ಪ್ರಯಾಣಿಕಳನ್ನ ಪುರಭವನಕ್ಕೆ ಮುಟ್ಟಿಸೋಕೆ ಆಗಲ್ವಾ? ಗಟ್ಟಿಯಾಗಿ ಹಿಡ್ಕೊಳ್ಳಿ."

ಎರಡು ಮನೆ ದಾಟುವಾಗ ಇಸೊಳ ಬಾಗಿಲಲ್ಲಿ ಹಳದಿ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಶಿಗೆನೊ ಮೊರದ ಅಂಚನ್ನು ಬಡಿದಳು. ಅವನು ನಿಂತ.

"ಏನು?"

ಅವಳು ಬಾವುಟದ ಕಡೆ ಬೆರಳು ಮಾಡಿದಳು. "ಒಳಗೆ... ನೋಡಿ."

"ಬಾವುಟ ಇದೆಯಲ್ಲ... " ಎಂದವನು ಬಾಯಿ ಮುಚ್ಚಿಕೊಂಡ. ಹೋಗಿ ಬಾಗಿಲು ಬಡಿದ. "ಇಸೊ ಅಜ್ಜಿ! ಹೇಗಿದೀರಿ?"

ಒಳಗಿನಿಂದ ತೆಳ್ಳಗಿನ ಧ್ವನಿ ಬಂತು. "ಚೆನ್ನಾಗಿದೀನಪ್ಪಾ. ಚೆನ್ನಾಗಿದೀನಿ. ನೀನು ಹೋಗು, ಚಳಿ."

ಮಿತೋಬೆ ಹಿಂದಿರುಗಿದ. "ಚೆನ್ನಾಗಿದಾರಂತೆ. ಹೊರಡೋಣ, ಗಾಳಿ ಬರ್ತಿದೆ."

ಅವನು ಹಿಡಿಗೆ ಕೈ ಹಾಕಿದಾಗ ಶಿಗೆನೊ ಅವನ ತೋಳನ್ನು ಹಿಡಿದಳು. ಆ ಧ್ವನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಅದೇ ಧ್ವನಿಯಲ್ಲಿ ಫೋನಿನಲ್ಲಿ ತಾನೂ ಮಾತಾಡಿದ್ದಳು. ಅದನ್ನು ಹೇಳಲು ಅವಳಲ್ಲಿ ಉಸಿರಿರಲಿಲ್ಲ. ತಲೆ ಅಡ್ಡಡ್ಡ ಆಡಿಸಿದಳು.

"ನಿಮ್ಮ ಸಿಲಿಂಡರ್ ನೋಡಿದೀರಾ? ಇಲ್ಲಿ ನಿಂತ್ರೆ ನೀವೇ ಉಳಿಯಲ್ಲ!"

ಅವಳು ಕೈ ಬಿಡಲಿಲ್ಲ. ಮಿತೋಬೆ ಅವಳ ಮುಖ ನೋಡಿದ. ಬಾಗಿಲ ಕಡೆ ನೋಡಿದ. ಏನೋ ಗೊಣಗಿ, ಸಲಿಕೆ ಎತ್ತಿಕೊಂಡು ಹೋಗಿ ಬಾಗಿಲ ಚೌಕಟ್ಟಿಗೆ ಹಾಕಿ ಮೀಟಿದ.

ಇಸೊಳನ್ನು ಹೊದಿಕೆಯ ಸಮೇತ ಎತ್ತಿ ತಂದ. ಅವಳ ತುಟಿ ನೀಲಿಯಾಗಿತ್ತು. ಒಂದು ಕಾಲು ಸೊಟ್ಟಗೆ ನೇತಾಡುತ್ತಿತ್ತು. ಬಾವುಟ ಹಾಕಿ ಒಳಗೆ ಬರುವಾಗ ಹೊಸ್ತಿಲಲ್ಲಿ ಜಾರಿದ್ದಳು. ಬೆಳಗ್ಗಿನಿಂದ ಬಿದ್ದಲ್ಲೇ ಇದ್ದಳು. ಹೊದಿಕೆಯನ್ನು ಮಾತ್ರ ಹೇಗೋ ಮೈಮೇಲೆ ಎಳೆದುಕೊಂಡಿದ್ದಳು.

"ನನ್ನ ಬಾಗಿಲು ಮುರಿದ್ಯಲ್ಲೋ," ಎಂದಳು.

ಮಿತೋಬೆ ಅವಳನ್ನು ಶಿಗೆನೊಳ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿ ಮೊರ ತಳ್ಳತೊಡಗಿದ. ಗಾಳಿ ಮತ್ತೆ ಎದ್ದಿತು, ಮನೆಗಳು ಒಂದೊಂದಾಗಿ ಮಾಯವಾದವು. ಸೇತುವೆ ದಾಟುವ ಹೊತ್ತಿಗೆ ಕೊಳವೆಯಲ್ಲಿ ಬರುತ್ತಿದ್ದ ದಾರದಷ್ಟು ಗಾಳಿಯೂ ನಿಂತಿತು. ಶಿಗೆನೊ ಕೊಳವೆ ಕಿತ್ತೆಸೆದು, ಬಾಯಿ ತೆರೆದು, ಸಿಕ್ಕಿದ್ದನ್ನು ಎಳೆದುಕೊಂಡಳು. ಹಿಮವೇ ಹೆಚ್ಚು ಒಳಗೆ ಹೋಯಿತು. ಬೆನ್ನ ಹಿಂದೆ ಇಸೊ ನಡುಗುತ್ತಿದ್ದಳು. ಆ ನಡುಕ ನಿಲ್ಲದಿರಲಿ ಎಂದು ಶಿಗೆನೊ ಅದನ್ನೇ ಗಮನಿಸುತ್ತ ಹೋದಳು. ಮಿತೋಬೆ ದಾರಿಯುದ್ದಕ್ಕೂ ಬಸ್ ನಿಲ್ದಾಣಗಳ ಹೆಸರು ಕೂಗುತ್ತಿದ್ದ, ಅವರಿಬ್ಬರಿಗೆ ನಿದ್ದೆ ಬರದಿರಲೆಂದೋ ತನಗೆ ದಾರಿ ತಪ್ಪದಿರಲೆಂದೋ ತಿಳಿಯದು. ಅಂಚೆ ಕಚೇರಿ ಎಂದ. ಅಕ್ಕಿ ಗೋದಾಮು ಎಂದ. ಅದಾದ ಮೇಲೆ ಬಿಳಿಯೊಳಗೆ ಎಲ್ಲಿಯೋ ಒಂದು ಜನರೇಟರು ಬಡಬಡ ಬಡಿದುಕೊಳ್ಳುವುದು ಕೇಳಿಸಿತು. ಶಿಗೆನೊ ಆ ಸದ್ದಿನ ಕಡೆಗೆ ಮುಖ ತಿರುಗಿಸಿ ಇನ್ನೊಂದು ಉಸಿರು ಎಳೆದಳು.